ಯೇಲ್‌ನ ‘ಮಾಡರ್ನ್ ಪೊಯೆಟ್ರಿ’ ಕೋರ್ಸ್: ಊರಲ್ಲೇ ಕೂತು ಓದುವವರಿಗೆ

ದೂರಶಿಕ್ಷಣದಲ್ಲಿ ಇಂಗ್ಲಿಷ್ ಎಂ.ಎ. ಮಾಡುತ್ತಿರುವವರಿಗೆ, ಕನ್ನಡ ಎಂ.ಎ. ಮುಗಿಸಿ ನವ್ಯದ ಬೇರು ಹುಡುಕುತ್ತಿರುವವರಿಗೆ ಈ ಕೋರ್ಸನ್ನು ಧೈರ್ಯವಾಗಿ ಹೇಳಬಹುದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಲ್ಯಾಂಗ್ಡನ್ ಹ್ಯಾಮರ್ ಮಾಡಿದ ಪಾಠ ಇದು. 2007ರಲ್ಲಿ ತರಗತಿಯಲ್ಲೇ ರೆಕಾರ್ಡ್ ಮಾಡಿ ‘ಓಪನ್ ಯೇಲ್ ಕೋರ್ಸಸ್’ ತಾಣದಲ್ಲಿ ಎಲ್ಲರಿಗೂ ಬಿಟ್ಟಿದ್ದಾರೆ. ಒಟ್ಟು 25 ಉಪನ್ಯಾಸ, ಒಂದೊಂದೂ ಸುಮಾರು 50 ನಿಮಿಷ. ವಿಡಿಯೋ, ಆಡಿಯೋ, ಬರಹರೂಪ ಮೂರೂ ಉಚಿತ. ಹೆಸರು ನೋಂದಾಯಿಸುವ ಕೆಲಸವಿಲ್ಲ. ಸರ್ಟಿಫಿಕೇಟು, ಕ್ರೆಡಿಟ್ಟು, ಪರೀಕ್ಷೆಯ ಅಂಕ ಯಾವುದೂ ಸಿಗುವುದಿಲ್ಲ. ಕಾಗದ ಬೇಕಾದವರು ಬೇರೆ ಕಡೆ ನೋಡಬೇಕು. ಒಂದು ಆಧುನಿಕ ಕವಿತೆಯನ್ನು ಸಾಲು ಸಾಲಾಗಿ ಬಿಡಿಸಿ ಓದುವುದು ಹೇಗೆಂದು ಕಲಿಯಬೇಕಾದವರಿಗೆ ಮಾತ್ರ ಇದರಷ್ಟು ಒಳ್ಳೆಯ ಪಾಠ ಉಚಿತವಾಗಿ ಸಿಗುವುದು ಅಪರೂಪ.

ಮೊದಲೇ ಒಂದು ವಿಷಯ ತಿಳಿದಿರಲಿ. ಇದು ವಿಶ್ವಸಾಹಿತ್ಯದ ಕೋರ್ಸಲ್ಲ. ಫ್ರಾಸ್ಟ್‌ನಿಂದ ಶುರುವಾಗಿ ಯೇಟ್ಸ್, ಮೊದಲ ಮಹಾಯುದ್ಧದ ಕವಿಗಳು, ಇಮೇಜಿಸಂ (ಚಿತ್ರವನ್ನೇ ಮುಂದಿಡುವ ಕಾವ್ಯಪಂಥ), ಪೌಂಡ್, ಎಲಿಯಟ್, ಹಾರ್ಟ್ ಕ್ರೇನ್, ಲ್ಯಾಂಗ್‌ಸ್ಟನ್ ಹ್ಯೂಸ್, ವಿಲಿಯಮ್ಸ್, ಮೇರಿಯನ್ ಮೂರ್, ಸ್ಟೀವನ್ಸ್, ಆಡೆನ್ ಇವರನ್ನು ಹಾದು ಎಲಿಜಬೆತ್ ಬಿಷಪ್‌ಗೆ ಮುಗಿಯುತ್ತದೆ. ಎಲ್ಲರೂ ಇಂಗ್ಲಿಷಿನಲ್ಲಿ ಬರೆದವರೇ. ಬೇರೆ ಭಾಷೆಯ ಕವಿಗಳಾದ ರಿಲ್ಕೆ, ಅಖ್ಮಾತೋವಾ, ಕವಾಫಿ ಇಲ್ಲ. ಕಾದಂಬರಿ, ನಾಟಕ ಇಲ್ಲವೇ ಇಲ್ಲ, ಹಾಗಾಗಿ ಗದ್ಯ ಬರೆದ ಕಾಫ್ಕಾ, ಜಾಯ್ಸ್, ಲೂ ಶುನ್ ಅವರನ್ನು ನಾವೇ ಪಕ್ಕದಲ್ಲಿ ಇಟ್ಟುಕೊಳ್ಳಬೇಕು.

ನಮ್ಮ ಕಡೆಯ ಓದುಗರು ಮೊದಲು ಎಡವುವುದು ಛಂದಸ್ಸಿನಲ್ಲಿ. ಫ್ರಾಸ್ಟ್‌ನ ಎರಡು ಪಾಠಗಳಲ್ಲಿ (2 ಮತ್ತು 3) ಬ್ಲ್ಯಾಂಕ್ ವರ್ಸ್‌ನ (ಪ್ರಾಸವಿಲ್ಲದ ಅಳತೆಯ ಪದ್ಯದ) ಮಾತು ಬರುತ್ತದೆ. ಅದನ್ನು ಹಾರಿಸಿ ಮುಂದೆ ಹೋದವರಿಗೆ ಸ್ಟೀವನ್ಸ್‌ವರೆಗೂ ಅರ್ಧ ಪಾಠ ಕೈತಪ್ಪುತ್ತದೆ. ನಮಗೆ ಗೊತ್ತಿರುವ ಲೆಕ್ಕ ಮಾತ್ರೆಯದು: ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ಇಂಗ್ಲಿಷಿನಲ್ಲಿ ಎಣಿಸುವುದು ಒತ್ತನ್ನು, ಅಂದರೆ ಪದದ ಯಾವ ಸಿಲಬಲ್ (ಉಚ್ಚಾರದ ತುಣುಕು) ಮೇಲೆ ದನಿ ಬಲವಾಗಿ ಬೀಳುತ್ತದೆ ಎಂಬುದನ್ನು, ಸ್ವರದ ಉದ್ದವನ್ನಲ್ಲ. ದೀರ್ಘ ಕಂಡಲ್ಲೆಲ್ಲ ಗುರು ಹಾಕುತ್ತ ಹೋದರೆ ಸಾಲಿನ ಲಯ ಪೂರ್ತಿ ತಲೆಕೆಳಗಾಗುತ್ತದೆ. ಸರಳ ರಗಳೆ ಬಲ್ಲವರಿಗೆ ದಾರಿ ಸುಲಭ. ಅಲ್ಲಿ 5 ಮಾತ್ರೆಯ 4 ಗಣ, ಬ್ಲ್ಯಾಂಕ್ ವರ್ಸ್‌ನಲ್ಲಿ ಸಾಲಿಗೆ 10 ಸಿಲಬಲ್, 5 ಒತ್ತು. ಎರಡಕ್ಕೂ ಪ್ರಾಸದ ಹಂಗಿಲ್ಲ, ಎರಡರಲ್ಲೂ ವಾಕ್ಯ ಸಾಲು ದಾಟಿ ಹರಿಯುತ್ತದೆ. ಮಾಡಬೇಕಾದ್ದು ಇಷ್ಟೇ: ಕವಿತೆಯ ಹತ್ತು ಸಾಲನ್ನು ಕೈಯಲ್ಲಿ ಬರೆದುಕೊಳ್ಳಿ. ಅನುಮಾನ ಬಂದ ಪದಕ್ಕೆ ನಿಘಂಟು ತೆಗೆದು ಒತ್ತಿನ ಗುರುತು ನೋಡಿ, ಆ ಸಿಲಬಲ್ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ಆಮೇಲೆ ಮೇಜು ತಟ್ಟುತ್ತ ಗಟ್ಟಿಯಾಗಿ ಓದಿ. ತಟ್ಟು ಎಲ್ಲಿ ತಪ್ಪುತ್ತದೋ ಅಲ್ಲೇ ಕವಿ ಏನೋ ಮಾಡಿದ್ದಾನೆ ಎಂದರ್ಥ. ಹ್ಯಾಮರ್ ಅವರ ಪಾಠ ಬೆಳಗುವುದೇ ಅಂಥ ಜಾಗಗಳಲ್ಲಿ.

ಫ್ರಾಸ್ಟ್ ನಮಗೆ ಸಲೀಸು ಅನ್ನಿಸುವ ಅಪಾಯವೂ ಇದೆ. ಹುಲ್ಲು ಕೊಯ್ಯುವುದು, ಸೌದೆ ಕೊಯ್ಯುವ ಗರಗಸ, ಮಗು ತೀರಿಹೋದ ಮನೆಯಲ್ಲಿ ಗಂಡ ಹೆಂಡತಿಯ ಜಗಳ, ಇವನ್ನು ಮಲೆನಾಡಿನವರಿಗೆ ಯಾರೂ ವಿವರಿಸಬೇಕಿಲ್ಲ. ಆದರೆ ಆ ಹಳ್ಳಿಯ ಮಾತನ್ನು ಆತ ಎಷ್ಟು ಬಿಗಿಯಾದ ಅಳತೆಯಲ್ಲಿ ಕೂರಿಸಿದ್ದಾನೆ ಎಂಬುದು ಕಾಣದೆ ಹೋದರೆ ಕವಿತೆ ಬರೀ ಕತೆಯಾಗಿ ಉಳಿಯುತ್ತದೆ.

ಯೇಟ್ಸ್‌ಗೆ ಮೂರು ಪಾಠ. 1916ರ ಈಸ್ಟರ್ ದಂಗೆಯ ಹಿನ್ನೆಲೆ ಗೊತ್ತಿಲ್ಲದೆ ಆ ಹೆಸರಿನ ಕವಿತೆಗೆ ಇಳಿಯಬೇಡಿ. ಡಬ್ಲಿನ್‌ನಲ್ಲಿ ಬ್ರಿಟಿಷರ ವಿರುದ್ಧ ಎದ್ದವರಲ್ಲಿ ಮುಂದಾಳುಗಳನ್ನು ಗುಂಡಿಕ್ಕಿ ಕೊಂದರು ಎಂಬುದಿಷ್ಟಾದರೂ ತಿಳಿದಿರಲಿ. ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿಯ ಭಾರ ಆಗ ಗೊತ್ತಾಗುತ್ತದೆ.

ಇಮೇಜಿಸಂಗೆ ಒಂದೇ ಪಾಠ, ಪೌಂಡ್‌ಗೆ ಇನ್ನೊಂದು. ಇದು ಸಾಲದು. ಇಮೇಜಿಸಂ ಭಾಗ ಮಾತ್ರ ಚೊಕ್ಕವಾಗಿ ಕೂರುತ್ತದೆ, ಏಕೆಂದರೆ ಕೈಗೆ ಸಿಗುವ ಮಾದರಿ ಚಿಕ್ಕದು. ಪೌಂಡ್ 1913ರಲ್ಲಿ ಪ್ರಕಟಿಸಿದ ಮೆಟ್ರೋ ನಿಲ್ದಾಣದ ಕವಿತೆ ತೆಗೆದುಕೊಳ್ಳಿ. ಎರಡೇ ಸಾಲು, 14 ಪದ. ಮೊದಲ ಸಾಲಿನಲ್ಲಿ ಗುಂಪಿನ ನಡುವೆ ಹೊಳೆದ ಮುಖಗಳು, ಎರಡನೆಯದರಲ್ಲಿ ಒದ್ದೆ ಕೊಂಬೆಯ ಮೇಲಿನ ಎಸಳುಗಳು. ಇಡೀ ಕವಿತೆಯಲ್ಲಿ ಕ್ರಿಯಾಪದವೇ ಇಲ್ಲ, ‘ಅಂತೆ’, ‘ಹಾಗೆ’ ಎಂಬ ಉಪಮೆಯ ಕೊಂಡಿಯೂ ಇಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಕವಿ ಸುಮ್ಮನಾಗುತ್ತಾನೆ, ಜೋಡಿಸುವ ಕೆಲಸ ಓದುಗನದು. ನಿಲ್ದಾಣದ ಮಾತಿರುವುದು ಶೀರ್ಷಿಕೆಯಲ್ಲಿ ಮಾತ್ರ. ಶೀರ್ಷಿಕೆ ಬಿಟ್ಟು ಓದಿದರೆ ಕವಿತೆ ನಿಲ್ಲುವುದಿಲ್ಲ, ಹಾಗಾಗಿ ಅದನ್ನು ಮೂರನೆಯ ಸಾಲಾಗಿಯೇ ಎಣಿಸಿ. ಈ ಒಂದನ್ನು ಅರ್ಧ ಗಂಟೆ ಕೂತು ಓದಿದವರಿಗೆ ಎಲಿಯಟ್‌ನ ತುಂಡು ತುಂಡಾದ ಚಿತ್ರಗಳು ಆಮೇಲೆ ಗಾಬರಿ ಹುಟ್ಟಿಸುವುದಿಲ್ಲ.

ಎಲಿಯಟ್‌ನ ಮೂರು ಪಾಠಗಳಿಗಾಗಿಯೇ (10ರಿಂದ 12) ಈ ಕೋರ್ಸ್ ಹಿಡಿದರೂ ತಪ್ಪಲ್ಲ. ‘ದಿ ವೇಸ್ಟ್ ಲ್ಯಾಂಡ್’ 1922ರದು, ಐದು ಭಾಗ, 434 ಸಾಲು. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಅಡಿಟಿಪ್ಪಣಿಯಿಂದ ಶುರುಮಾಡುವುದು. ಪುಸ್ತಕವಾಗಿ ಬಂದಾಗ ಎಲಿಯಟ್ ಸೇರಿಸಿದ ಟಿಪ್ಪಣಿಗಳ ಬಗ್ಗೆ ಆತನೇ ಮುಂದೆ ಬೇಸರಪಟ್ಟುಕೊಂಡಿದ್ದಾನೆ. ಅವನ್ನು ಮುಚ್ಚಿಟ್ಟು ಮೊದಲು ಗಟ್ಟಿಯಾಗಿ ಓದಿ. ಎಷ್ಟು ದನಿಗಳಿವೆ, ಎಲ್ಲಿ ಒಂದು ನಿಂತು ಇನ್ನೊಂದು ಶುರುವಾಗುತ್ತದೆ ಎಂದು ಅಂಚಿನಲ್ಲಿ ಗೆರೆ ಹಾಕಿ. ಮೂಲಗಳ ಪಟ್ಟಿ ಆಮೇಲಿನ ಕೆಲಸ.

ಐದನೇ ಭಾಗಕ್ಕೆ ಬರುವಾಗ ನಮ್ಮ ಓದುಗರ ಕೈಯಲ್ಲಿ ಅಲ್ಲಿಯ ವಿದ್ಯಾರ್ಥಿಗಳಿಗಿಲ್ಲದ ಸಾಮಗ್ರಿ ಇರುತ್ತದೆ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಪ್ರಜಾಪತಿ ‘ದ’ ಎಂದಾಗ ದೇವತೆಗಳು ದಾಮ್ಯತ (ಸಂಯಮದಿಂದಿರಿ) ಎಂದೂ ಮನುಷ್ಯರು ದತ್ತ (ಕೊಡಿ) ಎಂದೂ ಅಸುರರು ದಯಧ್ವಂ (ದಯೆ ತೋರಿ) ಎಂದೂ ತಿಳಿಯುತ್ತಾರೆ. ಎಲಿಯಟ್ ಈ ಕ್ರಮ ಬದಲಿಸಿದ್ದಾನೆ: ಮೊದಲು ದತ್ತ, ನಂತರ ದಯಧ್ವಂ, ಕೊನೆಗೆ ದಾಮ್ಯತ. ಮನುಷ್ಯನಿಗೆ ಹೇಳಿದ್ದು ಮುಂದೆ ಬಂದಿದೆ, ದೇವತೆಗಳು ಕೇಳಿಸಿಕೊಂಡ ಸಂಯಮ ಹಿಂದೆ ಸರಿದಿದೆ. ಆ ಕೊನೆಯದಕ್ಕೆ ಸಿಕ್ಕ ಚಿತ್ರ ಪಳಗಿದ ಕೈಗೆ ಒಲಿದು ಸಾಗುವ ದೋಣಿ. ಒಣಗಿದ ನೆಲದ ಕವಿತೆಯಲ್ಲಿ ನೀರು ಹಿತವಾಗಿ ಬರುವ ಅಪರೂಪದ ಜಾಗ ಅದು. ಉಪನಿಷತ್ತಿನ ಆ ಚಿಕ್ಕ ಭಾಗವನ್ನು (ಐದನೇ ಅಧ್ಯಾಯ, ಎರಡನೇ ಬ್ರಾಹ್ಮಣ) ಓದಿಯೇ 12ನೇ ಪಾಠಕ್ಕೆ ಕೂರಿ. ‘ದಿ ವೇಸ್ಟ್ ಲ್ಯಾಂಡ್’ನ ಮೊದಲ ಭಾಗದ ಕೊನೆಯ ಸಾಲು ಫ್ರೆಂಚ್ ಕವಿ ಬೋದಿಲೇರನದು. ಆತನನ್ನು ಓದಲು ಶಿವಮೊಗ್ಗದ ಕೊನಗವಳ್ಳಿಯ ಪಿ. ಲಂಕೇಶರೇ ಕನ್ನಡಕ್ಕೆ ತಂದ ‘ಪಾಪದ ಹೂಗಳು’ ಇದೆ. ಗೋಪಾಲಕೃಷ್ಣ ಅಡಿಗರ ‘ಭೂಮಿಗೀತ’ವನ್ನು (1959) ಎಲಿಯಟ್ ಮುಗಿದ ವಾರವೇ ಓದುವುದು ಒಳ್ಳೆಯದು, ಆದರೆ ಪ್ರಭಾವದ ಪಟ್ಟಿ ಮಾಡುವುದಕ್ಕಲ್ಲ. ಸಾಗರದ ಲಾಲ್ ಬಹದ್ದೂರ್ ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿದ್ದ ಆ ಕವಿ ಇದೇ ಬಗೆಯ ಬಿರುಕನ್ನು ಕನ್ನಡದ ಲಯದಲ್ಲಿ ಹೇಗೆ ನಿಭಾಯಿಸಿದರು ಎಂದು ಕಿವಿಯಿಂದ ತಿಳಿಯುವುದಕ್ಕೆ.

ದ್ವಿತೀಯಾರ್ಧ ಏಕಪ್ರಕಾರವಾಗಿಲ್ಲ. ಹ್ಯೂಸ್‌ಗೆ ಒಂದೇ ಪಾಠ ಕೊಟ್ಟಿರುವುದು ಅನ್ಯಾಯ ಅನ್ನಿಸುತ್ತದೆ. ವಿಲಿಯಮ್ಸ್‌ಗೂ ಒಂದೇ. ಹಾರ್ಟ್ ಕ್ರೇನ್‌ಗೆ ಎರಡು, ಸ್ಟೀವನ್ಸ್‌ಗೆ ಮೂರು. ಕ್ರೇನ್ ನಿಜಕ್ಕೂ ಕಷ್ಟ, ಮೊದಲ ಸಲ ಕೇಳುವವರು ಅಲ್ಲೇ ಕೋರ್ಸ್ ಬಿಟ್ಟುಬಿಡುವ ಸಂಭವ ಹೆಚ್ಚು. 13, 14ನ್ನು ಪಕ್ಕಕ್ಕಿಟ್ಟು ಹ್ಯೂಸ್‌ಗೆ ಹೋಗಿ, ಕೊನೆಗೆ ವಾಪಸ್ ಬನ್ನಿ. ಏನೂ ಕೆಡುವುದಿಲ್ಲ.

ಕವಿತೆಗಳ ಪಠ್ಯವನ್ನು ನಾವೇ ಹೊಂದಿಸಿಕೊಳ್ಳಬೇಕು. ನಾರ್ಟನ್ ಪ್ರಕಾಶನದ ಎರಡು ಸಂಪುಟದ ಆಧುನಿಕ ಕವಿತೆಗಳ ಸಂಕಲನ ಕೊಳ್ಳಲು ದುಬಾರಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಂಥ ಕಡೆ ಗ್ರಂಥಾಲಯದಲ್ಲಿ ವಿಚಾರಿಸಿ ನೋಡಿ. ನಮ್ಮ ದೇಶದಲ್ಲಿ ಲೇಖಕ ತೀರಿಕೊಂಡು 60 ವರ್ಷ ಕಳೆದರೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಈ ಲೆಕ್ಕದಲ್ಲಿ ಯೇಟ್ಸ್, ಕ್ರೇನ್, ಸ್ಟೀವನ್ಸ್, ಫ್ರಾಸ್ಟ್, ವಿಲಿಯಮ್ಸ್ ಮುಕ್ತ. 1965ರ ಜನವರಿಯಲ್ಲಿ ತೀರಿಕೊಂಡ ಎಲಿಯಟ್ 2026ರ ಆರಂಭದಿಂದ ಮುಕ್ತ. ಪೌಂಡ್, ಮೂರ್, ಆಡೆನ್, ಬಿಷಪ್ ಇನ್ನೂ ಹಕ್ಕಿನಲ್ಲಿದ್ದಾರೆ, ಅವರಿಗೆ ಪುಸ್ತಕವೇ ಬೇಕು. ಯೂಟ್ಯೂಬ್‌ನ ಕೆಳಗೆ ಓಡುವ ಅಕ್ಷರಗಳಿಂದ ಕವಿತೆ ಬರೆದುಕೊಳ್ಳುವ ಕೆಲಸ ಮಾತ್ರ ಬೇಡ. ಸಾಲು ಎಲ್ಲಿ ಮುರಿದಿದೆ ಎಂಬುದೇ ಅಲ್ಲಿ ಅಳಿಸಿಹೋಗುತ್ತದೆ. ವಿಲಿಯಮ್ಸ್‌ನಂಥವನಲ್ಲಿ ಸಾಲು ಮುರಿಯುವ ಜಾಗವೇ ಕವಿತೆ.

ಹೊಸನಗರ, ತೀರ್ಥಹಳ್ಳಿ, ಆಗುಂಬೆ ಕಡೆಯವರು ಮಳೆ ಹಿಡಿಯುವ ಮೊದಲೇ ಇಪ್ಪತ್ತೈದೂ ಆಡಿಯೋ ಇಳಿಸಿಟ್ಟುಕೊಳ್ಳಿ. ಆಷಾಢದಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತದೆ. ವಿಡಿಯೋದಲ್ಲಿ ಹೆಚ್ಚಾಗಿ ಕಾಣುವುದು ಪಾಠ ಮಾಡುವವರೇ, ಆಡಿಯೋ ಕೇಳಿದರೆ ನಷ್ಟವಿಲ್ಲ. ಬರಹರೂಪ ಒಂದು ಪಾಠಕ್ಕೆ ಎ4 ಹಾಳೆಯಲ್ಲಿ 12–15 ಪುಟ ಆಗುತ್ತದೆ. ಪೇಟೆಗೆ ಹೋದಾಗ ನಾಲ್ಕೈದು ಪಾಠದ್ದು ಒಟ್ಟಿಗೆ, ಎರಡೂ ಬದಿಗೆ ಪ್ರಿಂಟ್ ಹಾಕಿಸಿ, ಎಡಗಡೆ ಅಂಚು ಅಗಲ ಬಿಡಲು ಹೇಳಿ. ಇಂಗ್ಲಿಷ್ ಉಚ್ಚಾರಣೆ ಹಿಡಿಯಲು ಕಷ್ಟವಾದವರು ಮೊದಲ ಮೂರು ಪಾಠವನ್ನು ಈ ಹಾಳೆ ಮುಂದಿಟ್ಟುಕೊಂಡೇ ಕೇಳಲಿ.

ಒಂದು ಪಾಠಕ್ಕೆ 50 ನಿಮಿಷ ಎಂದು ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ. ಕವಿತೆ ಎರಡು ಸಲ ಗಟ್ಟಿಯಾಗಿ ಓದಿ, ಮೂರು ಪ್ರಶ್ನೆ ಬರೆದುಕೊಂಡು, ನಿಲ್ಲಿಸದೆ ಪಾಠ ಕೇಳಿ, ಮತ್ತೆ ಬರಹದಲ್ಲಿ ಗುರುತು ಹಾಕಿ, ಅರ್ಧ ಪುಟ ಕನ್ನಡದಲ್ಲಿ ಬರೆಯುವ ಹೊತ್ತಿಗೆ ಮೂರು ಗಂಟೆ. ವಾರಕ್ಕೆ ಎರಡರಂತೆ 13 ವಾರ. ಬರೆದದ್ದನ್ನು ತಿದ್ದುವವರು ಯಾರೂ ಇಲ್ಲ ಎಂಬುದೇ ಈ ಕೋರ್ಸಿನ ದೊಡ್ಡ ಕೊರತೆ. ಇಬ್ಬರು ಮೂವರು ಸೇರಿ ಓದಿದರೆ ಸ್ವಲ್ಪ ತುಂಬುತ್ತದೆ: ಒಬ್ಬರು ಬರೆದ ಅರ್ಧ ಪುಟವನ್ನು ಇನ್ನೊಬ್ಬರು ಕವಿತೆಯ ಸಾಲಿನ ಜೊತೆ ಇಟ್ಟು ನೋಡಬೇಕು, ಸಾಲಿನಲ್ಲಿ ಆಧಾರವಿಲ್ಲದ ಮಾತಿಗೆ ಅಡ್ಡಗೆರೆ.

ಪೂರ್ತಿ ಕೇಳಲು ಬಿಡುವಿಲ್ಲದವರು 2, 3, 8, 10, 11, 12 ಮುಗಿಸಿ ನೇರ ಬಿಷಪ್‌ಗೆ, ಅಂದರೆ 24 ಮತ್ತು 25ಕ್ಕೆ ಹೋಗಿ. ಎಂಟು ಪಾಠ, ನಾಲ್ಕು ವಾರ. ಎಂ.ಎ. ಪರೀಕ್ಷೆ ಹತ್ತಿರ ಬಂದಿದ್ದರೆ ಯೇಟ್ಸ್‌ನ ಮೂರನ್ನೂ (4ರಿಂದ 6) ಸೇರಿಸಿಕೊಳ್ಳಿ.