ಮೂರು ಗೋಧಿ ಬಿತ್ತಿದೆ, ಮನಸ್ಸು ಸದಕದ ಮೇಲೆ

ಹಿಂದಿನ ವರ್ಷದ ಹಿಂಗಾರಿಯಲ್ಲಿ ಬೀಜದಲ್ಲೇ ಮೋಸ ಹೋದೆ. ಸದಕ ಎಂದರೆ ಕಾಳು ಸಿಪ್ಪೆಗೆ ಅಂಟಿಕೊಂಡೇ ಇರುವ ಗೋಧಿ. ಪೇಟೆಯ ಅಂಗಡಿಯೊಂದರಲ್ಲಿ ಅದನ್ನು ಕೇಳಿದಾಗ ಸಿಪ್ಪೆ ಸುಲಿದು ಹಸನು ಮಾಡಿದ, ಕೆಂಪಗೆ ಹೊಳೆಯುವ ಕಾಳು ಕೊಟ್ಟರು. ಬಿತ್ತನೆಗೂ ಆಗುತ್ತದೆ ಎಂದರು. ಹತ್ತನೆಯ ದಿನ ಹೊಲಕ್ಕೆ ಹೋದರೆ ಸಾಲಿನಲ್ಲಿ ಮಾರುದ್ದ ಖಾಲಿ. ಮಣ್ಣು ಕೆದಕಿ ಕಾಳು ತೆಗೆದು ನೋಡಿದೆ. ಗಿರಣಿಯ ತಿಕ್ಕಾಟಕ್ಕೆ ಮೊಳಕೆಯ ತುದಿಯೇ ಹಾರಿಹೋಗಿತ್ತು. ಸದಕವನ್ನು ಸಿಪ್ಪೆಯೊಳಗೇ ಬಿತ್ತಬೇಕು ಎಂದು ಅಂದು ತಿಳಿಯಿತು.

ಈ ಸಲ ಧಾರವಾಡದ ಕೃಷಿ ಮೇಳದಿಂದಲೇ ಬೀಜ ತಂದೆ. ನವಲಗುಂದ ಕಡೆಯ ನಮ್ಮ ಎರೆ ಹೊಲದಲ್ಲಿ ಹತ್ತು ಹತ್ತು ಗುಂಟೆಯ ಮೂರು ಪಟ್ಟಿ: ಚಪಾತಿಯ ಗೋಧಿ ಯುಎಎಸ್-304, ರವೆ ಗೋಧಿ ಯುಎಎಸ್-428, ಸದಕದಲ್ಲಿ ಡಿಡಿಕೆ-1029. ಮೂರೂ ಧಾರವಾಡ ಕೃಷಿ ವಿಶ್ವವಿದ್ಯಾಲಯದ ತಳಿಗಳೇ. ಬಿತ್ತಿದ್ದು ನವೆಂಬರ್ ಎರಡನೆಯ ವಾರ. ಕೃಷಿ ಹೊಂಡದಿಂದ ಮೂರು ನೀರು ಕೊಟ್ಟೆ, ಮೊದಲನೆಯದನ್ನು ತಪ್ಪದೆ 21ನೆಯ ದಿನ. ಮೇಲಿನ ಬೇರು ಒಡೆಯುವ ಆ ಹೊತ್ತಿನಲ್ಲಿ ನೀರು ತಪ್ಪಿದರೆ ಆಮೇಲೆ ಎಷ್ಟು ಕೊಟ್ಟರೂ ತೆಂಡೆ, ಅಂದರೆ ಬುಡದಿಂದ ಒಡೆಯುವ ಕವಲು, ಸರಿಯಾಗಿ ಬರುವುದಿಲ್ಲ.

304 ಒಳ್ಳೆಯ ಬೆಳೆ. ಹತ್ತು ಗುಂಟೆಗೆ ಮೂರೂವರೆ ಕ್ವಿಂಟಲ್ ಬಂತು, ಮೂರರಲ್ಲಿ ಅದೇ ಹೆಚ್ಚು. ಚಪಾತಿ ಮೆತ್ತಗಾಗುತ್ತದೆ. ಮಾರುವುದಕ್ಕೇ ಬೆಳೆಯುವವರು ಅದನ್ನೇ ಬಿತ್ತಲಿ.

428ರ ಕಾಳು ದಪ್ಪ, ಬಣ್ಣ ಜೇನಿನದು. ರವೆ ಬಿಡಿಬಿಡಿಯಾಗಿ ಬೀಳುತ್ತದೆ, ಶ್ಯಾವಿಗೆ ಎಳೆ ಮುರಿಯುವುದಿಲ್ಲ. ಮೂರು ಕ್ವಿಂಟಲ್.

ಇನ್ನು ಸದಕ. ಹಿರಿಯರು ಬೆಳೆಯುತ್ತಿದ್ದ ಜವೆ ಗೋಧಿಯೂ ಸದಕವೇ. ಅದು ಎದೆಯೆತ್ತರ ಬೆಳೆದು, ನೀರು ಕೊಟ್ಟರೆ ಮಲಗಿಬಿಡುತ್ತಿತ್ತು. ಡಿಡಿಕೆ ಗಿಡ್ಡ ತಳಿ. ಜನವರಿಯ ಗಾಳಿಗೂ ನೆಟ್ಟಗೆ ನಿಂತಿತ್ತು. ಸಿಪ್ಪೆ ಸಮೇತ ಮೂರೂಕಾಲು ಕ್ವಿಂಟಲ್ ತೂಗಿತು.

ತೊಡಕೆಲ್ಲ ಆ ಸಿಪ್ಪೆಯದು. ಬಿತ್ತುವಾಗಲೇ ಶುರುವಾಯಿತು. ಒಂದೊಂದು ಸಿಪ್ಪೆಯಲ್ಲಿ ಎರಡು ಕಾಳು, ಮೇಲೆ ಮುಳ್ಳಿನ ಚೂರು. ಕೂರಿಗೆಯ ಬಟ್ಟಲಲ್ಲಿ ಒಂದಕ್ಕೊಂದು ಹೆಣೆದುಕೊಂಡು ಕೊಳವೆ ಕಟ್ಟಿಕೊಳ್ಳುತ್ತಿತ್ತು. ಪ್ರತಿ ಸಾಲಿನ ತಲೆಗೆ ಎತ್ತು ನಿಲ್ಲಿಸಿ ಕಡ್ಡಿಯಿಂದ ಚುಚ್ಚಿದೆವು. ಕೊನೆಗೆ ಬೀಜವನ್ನು ಗೋಣಿಯ ಮೇಲೆ ಉಜ್ಜಿ ಮುಳ್ಳು ಮುರಿದ ಮೇಲೆ ಸರಾಗವಾಯಿತು.

ರಾಶಿಯಲ್ಲಿ ಮತ್ತೆ ಅದೇ. ಬೇರೆ ಗೋಧಿ ಯಂತ್ರಕ್ಕೆ ಹಾಕಿದರೆ ಕಾಳು ಬೇರೆ, ಹೊಟ್ಟು ಬೇರೆ. ಸದಕದ ತೆನೆ ತುಂಡಾಗುತ್ತದೆಯೇ ಹೊರತು ಕಾಳು ಸಿಪ್ಪೆ ಬಿಡುವುದಿಲ್ಲ. ಸುಲಿಯುವ ಗಿರಣಿಯವರು ಎರಡು ಕ್ವಿಂಟಲಿಗಿಂತ ಕಡಿಮೆಯಿದ್ದರೆ ಯಂತ್ರ ಹಚ್ಚುವುದಿಲ್ಲ ಎಂದರು. ಒಮ್ಮೆಗೇ ಸುಲಿಸಲು ನನಗೆ ಮನಸ್ಸಿಲ್ಲ. ಸಿಪ್ಪೆಯೊಳಗಿರುವ ತನಕ ಹುಳು ಸುಲಭಕ್ಕೆ ಮುಟ್ಟುವುದಿಲ್ಲ. ಸುಲಿದ ಕಾಳನ್ನು ಮಳೆಗಾಲ ದಾಟಿಸುವುದೇ ಕಷ್ಟ. ಆದರೂ ಎರಡು ಕ್ವಿಂಟಲ್ ಒಯ್ದೆ. ಸುಲಿದ ಮೇಲೆ ಉಳಿದದ್ದು ಒಂದೂವರೆ ಕ್ವಿಂಟಲಿಗಿಂತ ಕಡಿಮೆ, ಅದರಲ್ಲೂ ನುಚ್ಚು ಬಹಳ.

ಗಿರಣಿಗೆ ಒಯ್ಯದೆ ಉಳಿದದ್ದನ್ನು ಅತ್ತೆ ತಮ್ಮ ಕೈಗೆ ತೆಗೆದುಕೊಂಡರು. ರಾತ್ರಿ ನೀರು ಚಿಮುಕಿಸಿ ಗೋಣಿ ಮುಚ್ಚಿಡುವುದು, ಬೆಳಗ್ಗೆ ಒರಳಿಗೆ ಹಾಕಿ ಒನಕೆಯಿಂದ ಹಗುರವಾಗಿ ಕುಟ್ಟುವುದು, ಮೊರದಲ್ಲಿ ಕೇರುವುದು. ಐದು ಸೇರಿಗೆ ಇಡೀ ಮುಂಜಾನೆ ಬೇಕು, ರಟ್ಟೆ ಬಿದ್ದುಹೋಗುತ್ತದೆ. ಆದರೆ ಕಾಳು ಇಡಿಯಾಗಿ ಉಳಿಯುತ್ತದೆ. ಆ ಕಾಳಿನ ಹುಗ್ಗಿಯನ್ನು ಯುಗಾದಿಗೆ ಮಾಡಿದೆವು. ಕುದ್ದರೂ ಕರಗದೆ, ಹಲ್ಲಿಗೆ ಸಿಗುವ ಹದದಲ್ಲಿತ್ತು. ಅದರ ಹಿಟ್ಟಿನ ಮಾದಲಿ ಎಂಬ ಸಿಹಿಯ ಉದುರು ಬೇರೆ ಯಾವ ಗೋಧಿಗೂ ಬರುವುದಿಲ್ಲ.

ಲೆಕ್ಕ ಹಾಕಿದರೆ ಸದಕ ಹಿಂದೆಯೇ. ನಮ್ಮದು ಆರು ಜನರ ಮನೆ. ಮಾರುವ ದುಡ್ಡು ಕಡಲೆಯಿಂದ ಬರುತ್ತದೆ, ಗೋಧಿ ಉಣ್ಣುವುದಕ್ಕೆ. ಹುಬ್ಬಳ್ಳಿಯ ನಾಲ್ಕು ಮನೆಯವರು ಕೈಯಲ್ಲಿ ಕುಟ್ಟಿದ ಸದಕ ಬೇಕೆಂದು ಈಗಾಗಲೇ ಹೇಳಿದ್ದಾರೆ. ಬರುವ ಹಿಂಗಾರಿಗೆ ಇಪ್ಪತ್ತು ಗುಂಟೆ ಸದಕ, ಹತ್ತು ಗುಂಟೆ 428. ಚಪಾತಿಯ ಗೋಧಿಯನ್ನು ಸಂತೆಯಲ್ಲಿ ಕೊಳ್ಳುತ್ತೇನೆ. ಬೀಜಕ್ಕೆಂದು ಸಿಪ್ಪೆ ಸಮೇತ ತೆಗೆದ ಚೀಲವನ್ನು ಅಟ್ಟದ ಮೇಲೆ ಬೇರೆಯಾಗಿ ಕಟ್ಟಿಟ್ಟಿದ್ದೇನೆ, ಯಾರೂ ಗಿರಣಿಗೆ ಒಯ್ಯದಂತೆ.