ಇನ್‌ಕಾಯ್ಸ್ ಮೀನು ಸೂಚನೆ: ಓದಲು ಗೊತ್ತಿದ್ದರೆ ಡೀಸೆಲ್ ಉಳಿತಾಯ

ಬೂತಾಯಿ, ಬಂಗುಡೆ, ಕೇದರ (ಟ್ಯೂನಾ) ಮೀನು ಹುಡುಕಿ ಹೋಗುವ ಬೋಟುಗಳಿಗೆ ಹೈದರಾಬಾದಿನ ಇನ್‌ಕಾಯ್ಸ್ (ಕಡಲಿನ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ) ಕೊಡುವ 'ಸಂಭಾವ್ಯ ಮೀನುಗಾರಿಕಾ ವಲಯ' ಸೂಚನೆ ನಿಜಕ್ಕೂ ಉಪಯೋಗದ ಸೇವೆ. ಶುಲ್ಕವಿಲ್ಲ, ಕನ್ನಡದಲ್ಲೂ ಸಿಗುತ್ತದೆ.

ಉಪಗ್ರಹ ನೋಡುವುದು ಮುಖ್ಯವಾಗಿ ಎರಡನ್ನು: ಮೇಲ್ನೀರಿನ ಉಷ್ಣತೆ, ನೀರಿನಲ್ಲಿರುವ ಕ್ಲೋರೊಫಿಲ್, ಅಂದರೆ ಸಸ್ಯಗಳ ಹಸಿರು ಬಣ್ಣ. ತಣ್ಣೀರೂ ಬಿಸಿನೀರೂ ಸಂಧಿಸುವ ಕಡೆ ಸಸ್ಯಪ್ಲವಕ (ನೀರಿನಲ್ಲಿ ತೇಲುವ ಅತಿ ಸಣ್ಣ ಹಸಿರು ಜೀವಿಗಳು) ದಟ್ಟವಾಗುತ್ತದೆ, ಅದನ್ನು ಮೇಯಲು ಮೀನು ಬರುತ್ತದೆ. ಹಾಗಾಗಿ ಸೂಚನೆಯಿಂದ ತಿಳಿಯುವುದು ಮೇವು ಎಲ್ಲಿದೆ ಎಂಬುದು. ಮೀನು ಅಲ್ಲೇ ಸಿಗುವ ಸಾಧ್ಯತೆ ಹೆಚ್ಚು, ಆದರೆ ಖಾತ್ರಿಯಿಲ್ಲ.

ಪಟ್ಟಿಯಲ್ಲಿ ಬಂದರಿನ ಹೆಸರು, ದಿಕ್ಕು, ಕಿಲೋಮೀಟರಿನಲ್ಲಿ ದೂರ, ಮೀಟರಿನಲ್ಲಿ ಆಳ, ಅಕ್ಷಾಂಶ, ರೇಖಾಂಶ ಇರುತ್ತವೆ. ದೂರವನ್ನು 1.852ರಿಂದ ಭಾಗಿಸಿದರೆ ನಾಟಿಕಲ್ ಮೈಲು. ಎಡವಟ್ಟಾಗುವುದು ಜಿಪಿಎಸ್‌ಗೆ ಅಂಕಿ ಹಾಕುವಾಗ. ಸೂಚನೆ ಡಿಗ್ರಿ, ನಿಮಿಷ, ಸೆಕೆಂಡಿನಲ್ಲಿ ಬರುತ್ತದೆ. ಯಂತ್ರ ದಶಮಾಂಶ ಡಿಗ್ರಿಯಲ್ಲಿದ್ದು 13 ಡಿಗ್ರಿ 20 ನಿಮಿಷವನ್ನು 13.20 ಎಂದು ಒತ್ತಿದರೆ ಬೋಟು 8 ನಾಟಿಕಲ್ ಮೈಲು, ಅಂದರೆ ಸುಮಾರು 15 ಕಿ.ಮೀ. ದಕ್ಷಿಣಕ್ಕೆ ಹೋಗಿ ನಿಲ್ಲುತ್ತದೆ. ನಿಮಿಷವನ್ನು 60ರಿಂದ ಭಾಗಿಸಿ 13.333 ಎಂದೇ ಹಾಕಬೇಕು. ಇಲ್ಲವೇ ಯಂತ್ರದ ಸೆಟ್ಟಿಂಗನ್ನೇ ಡಿಗ್ರಿ-ನಿಮಿಷ-ಸೆಕೆಂಡಿಗೆ ಬದಲಿಸಿಕೊಂಡರೆ ಈ ತಲೆನೋವೇ ಇರುವುದಿಲ್ಲ. ಸೂಚನೆಯ ದಿನಾಂಕವನ್ನೂ ತಪ್ಪದೆ ನೋಡಿ. ಗಾಳಿಗೂ ನೀರಿನ ಸೆಳೆತಕ್ಕೂ ಮೇವಿರುವ ಜಾಗ ಜರುಗುತ್ತಲೇ ಇರುತ್ತದೆ, ಹಳೆಯ ಸೂಚನೆ ನಂಬಿ ಹೊರಟರೆ ಡೀಸೆಲ್ ದಂಡ.

ದೊಡ್ಡ ಕೊರತೆ ಮೋಡದ್ದು. ಮೋಡ ಕವಿದರೆ ಉಪಗ್ರಹಕ್ಕೆ ನೀರು ಕಾಣುವುದಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿಯುವ ಆಗಸ್ಟ್‌ನಲ್ಲೇ, ಮಳೆಗಾಲದಲ್ಲಿ ಆಳದ ಪೋಷಕಾಂಶ ಮೇಲೆ ಬಂದು ಮೇವು ತುಂಬಿರುವ ಹೊತ್ತಿನಲ್ಲೇ, ಸೂಚನೆ ಕೈಕೊಡುವ ದಿನಗಳು ಹೆಚ್ಚು. ತಳ ಎಳೆಯುವ ಟ್ರಾಲ್ ಬೋಟಿಗಂತೂ ಪ್ರಯೋಜನ ಕಡಿಮೆ. ಸಿಗಡಿ, ಮದ್ಮಲ್ ತಳದಲ್ಲಿರುತ್ತವೆ, ಉಪಗ್ರಹ ನೋಡುವುದು ಮೇಲ್ನೀರನ್ನು.

ಇನ್ನೊಂದು ಮಾತು ಹೇಳಲೇಬೇಕು. ಮೀನು ಎಷ್ಟು ದೊಡ್ಡದು ಎಂದು ಸೂಚನೆ ಹೇಳುವುದಿಲ್ಲ. ಮೇವಿದ್ದಲ್ಲಿ ಮರಿಗಳೂ ಇರುತ್ತವೆ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಇದ್ದ ಬೂತಾಯಿ ಇಳುವರಿ 2021ರಲ್ಲಿ ಮೂರೂವರೆ ಸಾವಿರ ಟನ್ನಿಗೂ ಕೆಳಗಿಳಿಯಿತು. ಅದಕ್ಕೆ ಕಡಲಿನ ಬದಲಾವಣೆಯೂ ಕಾರಣವಿರಬಹುದು, ಆದರೆ ಅಂಥ ಹೊತ್ತಿನಲ್ಲಿ ಮರಿ ಹಿಡಿಯುವುದು ಬೀಜದ ಭತ್ತ ಕುಟ್ಟಿ ಉಂಡಂತೆ. ಕೇರಳದಲ್ಲಿ 10 ಸೆಂ.ಮೀ.ಗಿಂತ ಸಣ್ಣ ಬೂತಾಯಿ, 14 ಸೆಂ.ಮೀ.ಗಿಂತ ಸಣ್ಣ ಬಂಗುಡೆ ಹಿಡಿಯುವಂತಿಲ್ಲ. ಮರಿಗೆ ಸಿಗುವುದು ಫಿಶ್‌ಮೀಲ್ (ಮೀನಿನ ಪುಡಿ) ಮಾಡುವವರು ಕೊಡುವ ದರ ಮಾತ್ರ. ಬಲೆ ಸುತ್ತಿದ ಮೇಲೆ, ಅಡಿ ಹಗ್ಗ ಬಿಗಿಯುವ ಮುನ್ನ, ನಾಲ್ಕು ಮೀನು ಎತ್ತಿ ಅಳೆದು ನೋಡಿ. ಬಿಗಿದ ಬಲೆಯಲ್ಲಿ ಒತ್ತೊತ್ತಾಗಿ ಹೊರಳಾಡಿ ಪೊರೆ ಕಳಚಿದ ಮರಿಯನ್ನು ಆಮೇಲೆ ಬಿಟ್ಟರೂ ಬದುಕುವುದು ಕಷ್ಟ.