ಯಲಹಂಕದ ಆಕಾಶಕ್ಕೆ ಯಾವ ಲೆನ್ಸ್: 100-400 ಅಥವಾ 150-600?

ಯಲಹಂಕ ವಾಯುನೆಲೆಯ ಏರೋ ಇಂಡಿಯಾ ಹತ್ತಿರ ಬಂದಾಗಲೆಲ್ಲ ಯುದ್ಧವಿಮಾನಗಳ ಚಿತ್ರ ತೆಗೆಯುವವರ ನಡುವೆ 400 ಎಂಎಂ ಸಾಕೋ, 600 ಎಂಎಂ ಬೇಕೋ (ಇದು ಲೆನ್ಸಿನ ನಾಭಿದೂರ; ಸಂಖ್ಯೆ ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ) ಎಂಬ ವಾದ ಎದ್ದೇ ಏಳುತ್ತದೆ. 100-400 ಮತ್ತು 150-600 ಜೂಮ್ ಲೆನ್ಸ್‌ಗಳೆರಡನ್ನೂ ಒಂದೇ ಫುಲ್ ಫ್ರೇಮ್ (35 ಎಂಎಂ ಫಿಲ್ಮ್ ಚೌಕಟ್ಟಿನಷ್ಟು ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾಕ್ಕೆ ಹಾಕಿ ಹಾರಾಟಗಳನ್ನು ತೆಗೆದು ನೋಡಿದ ಮೇಲೆ ನನ್ನ ಒಲವು ಚಿಕ್ಕದರ ಕಡೆಗೇ ಇದೆ.

ದೊಡ್ಡ ಲೆನ್ಸಿನ ಪರವಾದ ವಾದ ಪೊಳ್ಳೇನಲ್ಲ. ತೇಜಸ್ ಚಿತ್ರವನ್ನು ಮುಂದಿಟ್ಟುಕೊಂಡು ಚರ್ಚಿಸುವವರು ಮೊದಲು ಹುಡುಕುವುದು ಮೂತಿಯ ಬಲಬದಿಯಲ್ಲಿ ಚಾಚಿಕೊಂಡಿರುವ, ಹಾರುತ್ತಲೇ ಇಂಧನ ತುಂಬಿಕೊಳ್ಳುವ ಕೊಳವೆಯನ್ನು. 2016ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ವಾಯುಪಡೆಯ 45ನೇ ಸ್ಕ್ವಾಡ್ರನ್‌ಗೆ (ವಿಮಾನ ತುಕಡಿಗೆ) ಬಂದ ಆರಂಭಿಕ ವಿಮಾನಗಳಲ್ಲಿ ಅದು ಇರಲಿಲ್ಲ, 2020ರಲ್ಲಿ ಸೂಲೂರಿನಲ್ಲಿ ತೇಜಸ್ ಪಡೆದ 18ನೇ ಸ್ಕ್ವಾಡ್ರನ್‌ನ ವಿಮಾನಗಳಲ್ಲಿ ಇದೆ. ಈ ಕೊಳವೆಯೂ, ‘ಎಲ್‌ಎ’ ಎಂದು ತೊಡಗುವ ಕ್ರಮಸಂಖ್ಯೆಯೂ ಬೆಳಗಿನ ತಂಪಿನಲ್ಲಿ 600 ಎಂಎಂನಲ್ಲಿ ತೆಗೆದ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುತ್ತವೆ. ಅದೇ ದೂರದಿಂದ 400ರಲ್ಲಿ ತೆಗೆದುದನ್ನು ಕತ್ತರಿಸಿ ಹಿಗ್ಗಿಸಬೇಕಾಗುತ್ತದೆ. ವಿಮಾನ ಎಡಮಗ್ಗುಲು ತೋರಿಸಿ ಹಾದುಹೋದರೆ ಮಾತ್ರ ಕೊಳವೆಯ ಮಟ್ಟಿಗೆ ಎರಡೂ ಲೆನ್ಸ್‌ಗಳ ಪಾಡು ಒಂದೇ.

ಆದರೆ ಏರೋ ಇಂಡಿಯಾ ನಡೆಯುವುದು ಸಾಮಾನ್ಯವಾಗಿ ಫೆಬ್ರವರಿಯಲ್ಲಿ, ಮತ್ತು ಬಿಸಿಲೇರಿದ ಮೇಲೆ ದೊಡ್ಡ ಲೆನ್ಸಿನ ಮೇಲುಗೈ ಬಹುಪಾಲು ಕರಗಿಹೋಗುತ್ತದೆ. ಕಾದ ರನ್‌ವೇಯ ಮೇಲೆ ಬಿಸಿಗಾಳಿಯೂ ತಂಪುಗಾಳಿಯೂ ಬೆರೆಯುವಾಗ ಬೆಳಕು ಕ್ಷಣಕ್ಕೊಂದು ದಿಕ್ಕಿಗೆ ಬಾಗುವುದರಿಂದ, ಟೇಕಾಫ್‌ಗೆ ಓಡುತ್ತಿರುವ ವಿಮಾನದ ಅಂಚುಗಳೆಲ್ಲ ನೀರಿನೊಳಗಿಂದ ಕಂಡಂತೆ ಅಲೆಯಲೆಯಾಗುತ್ತವೆ. 600 ಎಂಎಂ ವಿಮಾನದ ಜೊತೆಗೆ ಆ ಅಲೆಯನ್ನೂ ಹಿಗ್ಗಿಸುತ್ತದೆ. ಷಟರ್ ವೇಗವನ್ನು 1/2000 ಸೆಕೆಂಡಿಗೆ ಏರಿಸಿದರೂ ತಿರುಚಿಕೊಂಡ ಬೆಳಕು ನೆಟ್ಟಗಾಗುವುದಿಲ್ಲ. ನಡುಹಗಲಿನಲ್ಲಿ ಎರಡೂ ಲೆನ್ಸ್‌ಗಳಿಂದ ತೆಗೆದ ಚಿತ್ರಗಳನ್ನು ಒಂದೇ ಅಳತೆಗೆ ತಂದು ಪಕ್ಕಪಕ್ಕದಲ್ಲಿಟ್ಟಾಗ, ಕ್ರಮಸಂಖ್ಯೆ ಎರಡರಲ್ಲೂ ಒಂದೇ ಬಗೆಯಲ್ಲಿ ಕಲಸಿಹೋಗಿತ್ತು.

ಇನ್ನು ಹಿಡಿತದ ಮಾತು. 400 ಎಂಎಂನಲ್ಲಿ ಕರ್ಣದುದ್ದಕ್ಕೆ ಸುಮಾರು 6 ಡಿಗ್ರಿ ಆಕಾಶ ಕಾಣುತ್ತದೆ, 600ರಲ್ಲಿ ಸುಮಾರು 4 ಡಿಗ್ರಿ ಮಾತ್ರ. ಸುಖೋಯ್-30 ಎಂಕೆಐ ಥಟ್ಟನೆ ಪಥ ಬದಲಿಸಿದಾಗ ಈ ಎರಡು ಡಿಗ್ರಿಯ ಕೊರತೆಯಿಂದಲೇ ವಿಮಾನ ಚೌಕಟ್ಟಿನಿಂದ ಜಾರಿಹೋಗುತ್ತದೆ. ಸೂರ್ಯಕಿರಣ ತಂಡದ ಒಂಬತ್ತು ಹಾಕ್ ವಿಮಾನಗಳು ತಲೆಯ ಮೇಲೆಯೇ ಬಂದರೆ 150 ಎಂಎಂ ಕೂಡ ಇಕ್ಕಟ್ಟು. ಸುಮಾರು ಎರಡು ಕಿಲೋ ತೂಕವನ್ನು ಹೊತ್ತು ಬೆಳಗಿನಿಂದ ನಿಂತ ಕೈಗಳ ವಿಷಯವನ್ನು ಬೇರೆಯಾಗಿ ಹೇಳಬೇಕಿಲ್ಲ.

ವಿವರಗಳೇ ಮುಖ್ಯವೆನ್ನುವವರು ನೆಲದ ಮೇಲೆ ನಿಲ್ಲಿಸಿದ ವಿಮಾನಗಳ ಬಳಿಗೆ 24-105ರಂಥ ಸಾಧಾರಣ ಲೆನ್ಸ್ ಹಿಡಿದು ಹೋಗುವುದೇ ಲೇಸು ಎಂದು ನನಗೆ ಅನಿಸುತ್ತದೆ. ಮಿರಾಜ್-2000ದ ಗಾಳಿಬಾಯಿಯೊಳಗಿನ (ಎಂಜಿನ್‌ಗೆ ಗಾಳಿ ಹೋಗುವ ದಾರಿಯ) ಅರೆಶಂಕುವನ್ನೂ, ಲೋಹದ ತಗಡುಗಳ ಕೂಡುಗೆರೆಗಳನ್ನೂ, ಬಣ್ಣ ಸವೆದ ಜಾಗಗಳನ್ನೂ ಹತ್ತಿರ ನಿಂತು ತೆಗೆದಷ್ಟು ಚೆನ್ನಾಗಿ ಯಾವ ದೂರದ ಲೆನ್ಸೂ ಕೊಡಲಾರದು. ಹಗ್ಗದ ಬೇಲಿ, ಮುಚ್ಚಿದ ಗಾಳಿಬಾಯಿ, ಸೆಲ್ಫಿಗೆ ನಿಂತ ಜನ, ಇವೆಲ್ಲ ಅಡ್ಡ ಬರುತ್ತವೆಂಬುದು ನಿಜ. ಅದಕ್ಕಿಂತ ದೊಡ್ಡ ಕೊರತೆಯೆಂದರೆ ನಿಂತ ವಿಮಾನ ತನ್ನ ಕೆಲಸವನ್ನು ತೋರಿಸುವುದಿಲ್ಲ: ತೇಜಸ್ ಬಿಗಿಯಾಗಿ ತಿರುಗುವಾಗ ರೆಕ್ಕೆಯ ಮುಂಚೂಣಿಯ ಸ್ಲ್ಯಾಟ್‌ಗಳು (ಚಲಿಸುವ ಅಂಚುಪಟ್ಟಿಗಳು) ಕೆಳಗಿಳಿಯುವುದನ್ನು, ಸುಖೋಯ್‌ನ ನಾಜಲ್‌ಗಳು (ಎಂಜಿನ್‌ನ ಹಿಂಬಾಯಿಗಳು) ಹಾರಾಟದಲ್ಲಿ ಓರೆಯಾಗುವುದನ್ನು ಹಿಡಿಯಲು ಆಕಾಶವನ್ನೇ ನೋಡಬೇಕು, ಅಲ್ಲಿಗೆ 400 ಎಂಎಂ ಧಾರಾಳವಾಯಿತು.

ಹೆಲಿಕಾಪ್ಟರ್‌ಗಳಿಗಂತೂ 100-400 ಬಿಟ್ಟು ಬೇರೆಯದನ್ನು ನಾನು ಹಿಡಿಯುವುದಿಲ್ಲ. ಧ್ರುವ್‌ನ ರೋಟರ್ ತಿರುಗುತ್ತಿರುವಂತೆ ಕಾಣಬೇಕಾದರೆ ಷಟರ್ ವೇಗವನ್ನು 1/160ರ ಸುತ್ತಮುತ್ತ ಇಡಬೇಕು, ಮತ್ತು ಅಷ್ಟು ನಿಧಾನದ ವೇಗದಲ್ಲಿ 600 ಎಂಎಂ ಲೆನ್ಸನ್ನು ಕೈಯಲ್ಲೇ ಹಿಡಿದು ತೆಗೆದ ನನ್ನ ಚಿತ್ರಗಳಲ್ಲಿ ರೋಟರ್ ಜೊತೆಗೆ ಕಾಕ್‌ಪಿಟ್ಟೂ ಮಸುಕಾದದ್ದೇ ಹೆಚ್ಚು.